ಇನ್‌ಸ್ಟಾಗ್ರಾಂ ಡಿಲೀಟ್ ಮಾಡಿದರೆ ಬೇಜಾರು ಹೋಗುತ್ತಾ?

ಪ್ರಶ್ನೆ: ಡಿಗ್ರಿ ಮುಗಿಸಿ ಒಂದು ವರ್ಷ ಆಯ್ತು. ಮನೆ ಮೂಡಿಗೆರೆ ಕಡೆ. ಕ್ಲಾಸ್‌ಮೇಟ್‌ಗಳೆಲ್ಲ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದಾರೆ, ನಾನು ಇನ್ನೂ ಎಕ್ಸಾಂಗೆ ಓದ್ತಾ ಇದ್ದೀನಿ. ರಾತ್ರಿ ಇನ್‌ಸ್ಟಾ ನೋಡಿ ಮಲಗಿದರೆ ನಿದ್ದೆ ಬರಲ್ಲ. ಬೆಳಿಗ್ಗೆ ಎದ್ದರೆ ಏನೂ ಬೇಡ ಅನ್ನಿಸುತ್ತೆ. ಅಮ್ಮ ಎಲ್ಲದಕ್ಕೂ ಮೊಬೈಲೇ ಕಾರಣ ಅಂತಾರೆ. ಡಿಲೀಟ್ ಮಾಡಿಬಿಡ್ಲಾ?

ಮಾಡಿ ನೋಡಬಹುದು. ಸ್ವಲ್ಪ ಹಗುರ ಅನ್ನಿಸುತ್ತದೆ. ಆದರೆ ಆ "ಸ್ವಲ್ಪ" ಎಷ್ಟು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಡಿಲೀಟ್ ಮಾಡಿದ ಮೂರನೇ ದಿನಕ್ಕೆ "ಏನೂ ಬದಲಾಗಲಿಲ್ಲ" ಅಂತ ಮತ್ತೆ ಹಾಕಿಕೊಳ್ಳುತ್ತೀರಿ.

2018ರಲ್ಲಿ ಅಮೆರಿಕದಲ್ಲಿ ಸಂಶೋಧಕರು ಸಾವಿರಾರು ಜನರನ್ನು ಸೇರಿಸಿಕೊಂಡು ಒಂದು ಪ್ರಯೋಗ ಮಾಡಿದರು. ಅವರಲ್ಲಿ ಕೆಲವರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಂದ್ ಮಾಡಿಸಿದರು. ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಉಳಿಯಿತು. ಮನಸ್ಸೂ ಸುಧಾರಿಸಿತು, ಆದರೆ ಸ್ವಲ್ಪವೇ. ಅದೇ ವರ್ಷ ಬಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನದಲ್ಲಿ ಪೂರ್ತಿ ಬಿಡಿಸಲಿಲ್ಲ. 143 ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಒಂದೊಂದನ್ನೂ ದಿನಕ್ಕೆ ಹತ್ತು ನಿಮಿಷ ಮಾತ್ರ ನೋಡಿ ಅಂದರು. ಮೂರು ವಾರದಲ್ಲಿ ಅವರ ಒಂಟಿತನ ಕಡಿಮೆಯಾಯಿತು. ಮೊದಲೇ ಜಾಸ್ತಿ ಕುಗ್ಗಿ ಹೋಗಿದ್ದವರಿಗೆ ಖಿನ್ನತೆಯೂ ಇಳಿಯಿತು. ಅಂದರೆ ಕಡಿಮೆ ಮಾಡಿದರೂ ಸಾಕು, ಪೂರ್ತಿ ಸನ್ಯಾಸ ಬೇಕಿಲ್ಲ.

ಹಾಗಾದರೆ ಅಮ್ಮ ಹೇಳುವುದು ಸುಳ್ಳಾ? ಅರ್ಧ ನಿಜ. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ವೈದ್ಯರು, ಆಗಿದ್ದ ವಿವೇಕ್ ಮೂರ್ತಿ (ಮೂಲ ನಮ್ಮ ಮಂಡ್ಯದ ಹಲ್ಲೆಗೆರೆ) ಒಂದು ಎಚ್ಚರಿಕೆ ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಸೋಶಿಯಲ್ ಮೀಡಿಯಾದಲ್ಲಿರುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಎರಡು ಪಟ್ಟು ಅಂತ ಅದರಲ್ಲಿತ್ತು. ಕೇಳಿದರೆ ಗಾಬರಿಯಾಗುತ್ತದೆ, ಅಲ್ವಾ? ಆದರೆ ಬೇಜಾರಾದವರೂ ಜಾಸ್ತಿ ಮೊಬೈಲ್ ಹಿಡಿಯುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಇಂಥ ಲೆಕ್ಕದಿಂದ ಹೇಳಲು ಆಗುವುದಿಲ್ಲ. 2019ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು ಲಕ್ಷಾಂತರ ಹುಡುಗ ಹುಡುಗಿಯರ ಮಾಹಿತಿ ತೆಗೆದು ನೋಡಿದಾಗ, ಅವರ ನೆಮ್ಮದಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಮೊಬೈಲ್, ಕಂಪ್ಯೂಟರ್ ಬಳಕೆಗೆ ಸಂಬಂಧಿಸಿದ ಪಾಲು ಹೆಚ್ಚೆಂದರೆ ಶೇ 0.4.

ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸಿದ್ದು ಬೇರೆ ಒಂದು ಅಧ್ಯಯನ. 2004ರಲ್ಲಿ ಹಾರ್ವರ್ಡ್‌ನಲ್ಲಿ ಶುರುವಾದ ಫೇಸ್‌ಬುಕ್ ಎಲ್ಲ ಕಡೆ ಒಟ್ಟಿಗೆ ಬರಲಿಲ್ಲ, ಒಂದೊಂದೇ ಕಾಲೇಜಿಗೆ ಬಂತು. ಬಂದ ಕಾಲೇಜನ್ನೂ ಇನ್ನೂ ಬಾರದ ಕಾಲೇಜನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಬಂದ ಕಡೆ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ ಕೆಟ್ಟಿತ್ತು. 2022ರಲ್ಲಿ ಪ್ರಕಟವಾದ ಆ ಅಧ್ಯಯನ ಕಾರಣವನ್ನೂ ಹೇಳುತ್ತದೆ: ಬೇರೆಯವರ ಜೊತೆ ಹೋಲಿಸಿಕೊಂಡು ನಾನು ಕಡಿಮೆ ಅಂದುಕೊಳ್ಳುವುದು. ನೀವು ಬರೆದಿರುವುದೂ ಅದನ್ನೇ.

ನಮ್ಮ ಊರಿನದೇ ಉದಾಹರಣೆ ತಗೊಳ್ಳಿ. ಮುಳ್ಳಯ್ಯನಗಿರಿಯ ರೀಲ್ ದಿನಕ್ಕೆ ಹತ್ತು ಬರುತ್ತದೆ. ಮೋಡ, ಹಸಿರು, ಹಿಂದೆ ಒಂದು ಹಾಡು. ಒಂದು ಭಾನುವಾರ ಬೆಳಿಗ್ಗೆ ಆ ಬೆಟ್ಟಕ್ಕೆ ಹೋಗುವ ದಾರಿಯ ಕೈಮರ ಚೆಕ್‌ಪೋಸ್ಟ್ ಹತ್ತಿರ ನಿಂತು ನೋಡಿ: ಕಾರಿನ ಸಾಲು, ಹಾರ್ನು, ತಿರುವಿನಲ್ಲಿ ಕಾರು ನಿಲ್ಲಿಸಿ ವಾಂತಿ ಮಾಡುವ ಮಗು, ಮೇಲೆ ಹೋದರೆ ಗಾಡಿ ನಿಲ್ಲಿಸಲು ಜಾಗಕ್ಕಾಗಿ ಜಗಳ, ಮೆಟ್ಟಿಲು ಹತ್ತಿ ಏದುಸಿರು ಬಿಟ್ಟು ನಿಂತರೆ ಮಂಜು ಮುಚ್ಚಿ ಪಕ್ಕದವರ ಮುಖವೂ ಕಾಣಲ್ಲ. ಮಂಜು ಸರಿದ ಎರಡು ನಿಮಿಷದಲ್ಲಿ ತೆಗೆದದ್ದು ಆ ಹದಿನೈದು ಸೆಕೆಂಡ್. ಆ ರೀಲ್ ನೋಡಿ ನಿಮಗೆ ಹೊಟ್ಟೆ ಉರಿಯುವುದಿಲ್ಲ, ಯಾಕೆಂದರೆ ಕೈಮರ ಗೊತ್ತು. ಗೆಳತಿಯ ಬೆಂಗಳೂರಿನ ರೀಲ್‌ಗೆ ಮಾತ್ರ ನಿಮ್ಮ ಹತ್ತಿರ ಕೈಮರ ಇಲ್ಲ. ಆಫೀಸಿನ ಕಾಫಿ ಮಗ್ ಕಾಣುತ್ತದೆ, ಪಿಜಿಯಲ್ಲಿ ಬೆಳಿಗ್ಗೆ ಬಕೆಟ್ ಹಿಡಿದು ಸಾಲು ನಿಂತಿದ್ದು ಕಾಣಲ್ಲ.

ಇದು ಗೊತ್ತಾದರೆ ಸಾಕು ಅಂತ ಹೇಳುತ್ತಿಲ್ಲ. ರಾತ್ರಿ ಹನ್ನೊಂದೂವರೆಗೆ, ನೋಟ್ಸ್ ಮುಚ್ಚಿಟ್ಟು ಸುಸ್ತಾಗಿ ಮಲಗಿದಾಗ, ಈ ಬುದ್ಧಿ ಯಾರಿಗೂ ನೆನಪಾಗಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯಲ್ಲಿ ನಾನು ಜಾಸ್ತಿ ಗಮನಿಸಿದ್ದು ನಿದ್ದೆಯನ್ನು. ನಿದ್ದೆ ಕೆಟ್ಟರೆ ಮರುದಿನ ಎಲ್ಲವೂ ಎರಡರಷ್ಟು ಭಾರ, ಓದಿದ್ದೂ ನಿಲ್ಲಲ್ಲ, ಓದು ನಿಲ್ಲದಿದ್ದರೆ ಇನ್ನಷ್ಟು ಬೇಜಾರು, ರಾತ್ರಿ ಮತ್ತೆ ಮೊಬೈಲ್. ಪೇಪರ್‌ಗೆ ಕೊನೇ ಪುಟ ಇರುತ್ತದೆ, ಅಮ್ಮ ನೋಡುವ ಸೀರಿಯಲ್ ಕೂಡ ಅರ್ಧ ಗಂಟೆಗೆ "ಮುಂದುವರಿಯುವುದು" ಅಂತ ನಿಲ್ಲುತ್ತದೆ. ಫೀಡ್‌ಗೆ ಕೊನೆ ಅನ್ನುವುದೇ ಇಲ್ಲ. ಎಳೆದಷ್ಟೂ ಬರುವ ಈ ಸ್ಕ್ರೋಲ್ ಅನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ತಾವೇ ಅದಕ್ಕೆ ಪಶ್ಚಾತ್ತಾಪಪಟ್ಟಿದ್ದಾರೆ. ನಿಲ್ಲಿಸಲು ಆಗದೇ ಇರುವುದು ನಿಮ್ಮೊಬ್ಬರ ದೌರ್ಬಲ್ಯ ಅಂದುಕೊಳ್ಳಬೇಡಿ.

ಡಿಲೀಟ್‌ಗಿಂತ ಮುಂಚೆ ಒಂದು ತಿಂಗಳು ಹೀಗೆ ಮಾಡಿ. ಚಾರ್ಜರ್ ಅನ್ನು ರೂಮಿನಿಂದ ಹಾಲ್‌ಗೆ ಒಯ್ಯಿರಿ, ರಾತ್ರಿ ಫೋನ್ ಅಲ್ಲೇ ಮಲಗಲಿ. ಅಲಾರಾಂ ಬೇಕಲ್ಲ ಅನ್ನಬೇಡಿ, ಟೇಬಲ್ ಮೇಲಿಡುವ ಅಲಾರಾಂ ಗಡಿಯಾರ ಈಗಲೂ ಸಿಗುತ್ತದೆ. ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುವ ನಾಲ್ಕೈದು ಜನರನ್ನು ಮ್ಯೂಟ್ ಮಾಡಿ. ಅವರಿಗೆ ಗೊತ್ತಾಗುವುದಿಲ್ಲ, ಸ್ನೇಹವೂ ಹಾಳಾಗುವುದಿಲ್ಲ. ಎಕ್ಸಾಂ ನೋಟಿಫಿಕೇಶನ್ ಬರುವ ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳು ಇರಲಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ದಿನಾ ಎಷ್ಟು ಗಂಟೆ ಮಲಗಿದಿರಿ ಅಂತ ಒಂದು ಅಂಕಿ ಬರೆಯುತ್ತಾ ಬನ್ನಿ.

ಉಳಿದ ಗಂಟೆಗೆ ಏನಾದರೂ ಒಂದು ಬೇಕು. ಆ 2018ರ ಪ್ರಯೋಗದಲ್ಲೂ ಉಳಿದ ಹೊತ್ತಿನಲ್ಲಿ ಒಂದಿಷ್ಟು ಟಿವಿಗೆ ಹೋಯಿತು, ಒಂದಿಷ್ಟು ಮನೆಯವರ, ಸ್ನೇಹಿತರ ಜೊತೆ ಕಳೆಯಿತು. ಇನ್‌ಸ್ಟಾ ಬಿಟ್ಟು ಯೂಟ್ಯೂಬ್ ಶಾರ್ಟ್ಸ್‌ಗೆ ಹೋದರೆ ಏನು ಪ್ರಯೋಜನ. ಸಂಜೆ ಆ ಬೆಂಗಳೂರಿನ ಗೆಳತಿಗೇ ಒಂದು ಫೋನ್ ಮಾಡಿ. ಅವಳ ಕೈಮರ ಯಾವುದು ಅಂತ ಅವಳೇ ಹೇಳುತ್ತಾಳೆ.

ಇಷ್ಟಾದ ಮೇಲೂ ತೆಗೆದುಬಿಡಬೇಕು ಅನ್ನಿಸಿದರೆ ಮೊದಲು ಡಿಆ್ಯಕ್ಟಿವೇಟ್ ಮಾಡಿ, ಫೋಟೋ ಎಲ್ಲ ಹಾಗೇ ಉಳಿಯುತ್ತವೆ. ಡಿಲೀಟ್ ಕೊಟ್ಟರೆ ಮನಸ್ಸು ಬದಲಿಸಲು 30 ದಿನ ಇರುತ್ತದೆ.

ಇನ್ನೊಂದು ಮಾತು. "ಏನೂ ಬೇಡ ಅನ್ನಿಸುತ್ತೆ" ಅಂದಿದ್ದೀರಿ. ಫೋನ್ ದೂರ ಇಟ್ಟರೂ ಎರಡು ವಾರ ಅದೇ ಇದ್ದರೆ, ಊಟ ಸೇರದಿದ್ದರೆ, ಮೊದಲು ಇಷ್ಟವಾಗಿದ್ದು ಯಾವುದೂ ಇಷ್ಟವಾಗದಿದ್ದರೆ, ಅದಕ್ಕೆ ಇನ್‌ಸ್ಟಾಗ್ರಾಂ ಒಂದೇ ಕಾರಣ ಇರಲಾರದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹಾಸನ ಹತ್ತಿರ ಆಗುವವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲೂ ಮನೋವೈದ್ಯ ವಿಭಾಗ ಇದೆ. ಬಿಡಬೇಕೆಂದರೂ ಮೊಬೈಲ್ ಬಿಡಲಾಗದವರಿಗೆ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಶಟ್ ಕ್ಲಿನಿಕ್ ಅಂತಲೇ ನಡೆಸುತ್ತಿದೆ. ಹೊರಗೆ ಹೋಗಲು ಮುಜುಗರ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ ಎರಡು ವಾರ ಕಾಯಬೇಡಿ, ಇವತ್ತೇ ಮಾಡಿ, ಅಮ್ಮನಿಗೂ ಹೇಳಿ.