ಕೇಳಿದ್ದನ್ನೇ ತಿರುಗಿ ಹೇಳುವ ಅಭ್ಯಾಸವನ್ನು ಬಿಡಿಸಬೇಕೇ?

ಪ್ರಶ್ನೆ: ನಾವು ಜಮಖಂಡಿಯವರು. ನಾಲ್ಕೂವರೆ ವರ್ಷದ ಮಗನಿಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿದ್ದಾರೆ. "ನೀರ ಬೇಕೇನ?" ಎಂದು ಕೇಳಿದರೆ ಅವನೂ "ನೀರ ಬೇಕೇನ?" ಎನ್ನುತ್ತಾನೆ. ಈ ಅಭ್ಯಾಸ ಬಿಡಿಸಿರಿ ಎಂದು ಮನೆಯ ಹಿರಿಯರು ಒತ್ತಾಯಿಸುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ಬಿಡಿಸುವ ಪ್ರಯತ್ನ ಬೇಡ. ಎಕೊಲೇಲಿಯಾ ಎಂದು ಕರೆಯುವ ಈ ಲಕ್ಷಣವು, 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರು ಆಟಿಸಂ ಇದ್ದ 11 ಮಕ್ಕಳನ್ನು ಕುರಿತು ಬರೆದ ಮೊದಲ ಪ್ರಬಂಧದಲ್ಲಿಯೇ ದಾಖಲಾಗಿದೆ. ಪ್ರಶ್ನೆಯನ್ನು ಹಾಗೆಯೇ ಮರಳಿ ಹೇಳುವುದು ಆ ಮಕ್ಕಳು "ಹೌದು" ಎನ್ನುವ ರೀತಿಯೆಂಬುದನ್ನೂ ಅವರು ಗುರುತಿಸಿದ್ದರು. ಆದರೂ ಇದನ್ನು ಅರ್ಥವಿಲ್ಲದ ಗಿಳಿಪಾಠವೆಂದು ತಳ್ಳಿಹಾಕುವವರೇ ಬಹಳ ಕಾಲ ಹೆಚ್ಚಾಗಿದ್ದರು. 1981ರಲ್ಲಿ ವಾಕ್-ಭಾಷಾ ತಜ್ಞರಾದ ಬ್ಯಾರಿ ಪ್ರೈಜಂಟ್ ಮತ್ತು ಜುಡಿತ್ ಡ್ಯೂಕನ್ ಅವರು ಮಕ್ಕಳ ನೋಟ, ಕೈಸನ್ನೆ, ಧ್ವನಿಗಳನ್ನು ಜೊತೆಯಿಟ್ಟು ಪರಿಶೀಲಿಸಿ, ಇಂಥ ಮರುನುಡಿಯಲ್ಲಿ ಒಪ್ಪಿಗೆ, ಬೇಡಿಕೆ, ತನ್ನ ಸರದಿಯ ಮಾತು, ಮಾಡುತ್ತಿರುವ ಕೆಲಸದಲ್ಲಿ ತನ್ನನ್ನು ತಾನೇ ನಿರ್ದೇಶಿಸಿಕೊಳ್ಳುವುದು ಮುಂತಾದ ಹಲವು ಉದ್ದೇಶಗಳಿರುತ್ತವೆ ಎಂದು ತೋರಿಸಿದರು.

ಆದ್ದರಿಂದ ಮಗ ಏನು ಹೇಳಿದನೆಂಬುದಕ್ಕಿಂತ, ಹೇಳುವಾಗ ಏನು ಮಾಡಿದನೆಂಬುದನ್ನು ಗಮನಿಸಿರಿ. ತಂಬಿಗೆಯ ಕಡೆಗೆ ನೋಡುತ್ತ "ನೀರ ಬೇಕೇನ?" ಎಂದರೆ ಅದು ಬೇಡಿಕೆಯೇ. ಆಗ ನೀರು ಕೊಡುತ್ತ, ಅವನೇ ಆಡಬೇಕಾದ ಮಾತನ್ನು ಅವನ ಪರವಾಗಿ "ನೀರ ಬೇಕು" ಎಂದು ಒಮ್ಮೆ ಹೇಳಿ ಸುಮ್ಮನಾಗಿರಿ. ತಿರುಗಿ ಹೇಳು ಎಂದು ಪೀಡಿಸಬೇಡಿರಿ, ಹೇಳುವತನಕ ಲೋಟ ಹಿಡಿದು ಕಾಯಿಸುವುದಂತೂ ಕೂಡದು. ಮನೆಗೆ ಬಂದವರು "ನಿನ್ನ ಹೆಸರೇನು? ಇವರು ಯಾರು, ಕಾಕಾನೋ ಮಾಮಾನೋ?" ಎಂದು ಪ್ರಶ್ನೆಗಳ ಮಳೆ ಸುರಿಸುವುದು ನಮ್ಮ ಕಡೆ ಪ್ರೀತಿಯ ರೂಢಿಯೇ ಸರಿ, ಆದರೆ ಈ ಮಗುವಿಗೆ ಸಿಗುವುದು ಮರಳಿ ಹೇಳಲು ಪ್ರಶ್ನೆಗಳು ಮಾತ್ರ. ಅದರ ಬದಲು "ಕಾಕಾ ಬಂದ", "ರೊಟ್ಟಿ ಬಿಸಿ ಅದ" ಎಂಬಂಥ ಚಿಕ್ಕ ಹೇಳಿಕೆಗಳನ್ನಾಡಿ, ಅವನಿಗೆ ಸಾಕಷ್ಟು ಬಿಡುವು ಕೊಡಿರಿ. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಬೇಕೆಂಬ ಒತ್ತಾಯವೂ ಬೇಡ. ಬೇರೆಡೆ ನೋಡುತ್ತಲೇ ಚೆನ್ನಾಗಿ ಕೇಳಿಸಿಕೊಳ್ಳುವ ಮಕ್ಕಳಿದ್ದಾರೆ.

ಶಬ್ದಗಳ ಲೆಕ್ಕಕ್ಕಿಂತ ಮುಖ್ಯವಾದದ್ದು, ಅವನು ತಾನಾಗಿಯೇ ನಿಮ್ಮನ್ನು ತನ್ನ ಆಸಕ್ತಿಯೊಳಗೆ ಕರೆದುಕೊಳ್ಳುವುದು. ಅಂಗಳದ ಎತ್ತನ್ನು ನೋಡಿ, ಕೂಡಲೇ ತಿರುಗಿ ನಿಮ್ಮನ್ನೂ ನೋಡಿದರೆ, ಮಾತಿಲ್ಲದಿದ್ದರೂ ಅದು ಸಂವಹನವೇ, ತಡಮಾಡದೆ "ಎತ್ತು!" ಎನ್ನಿರಿ.

ಶ್ರವಣ ಪರೀಕ್ಷೆ ಆಗಿಲ್ಲವಾದರೆ ಮೊದಲು ಅದನ್ನು ಮಾಡಿಸಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿಗಳಿಗೆ ಬರುತ್ತವೆ; ವಾಕ್ ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕೆಂದು ಆ ತಂಡವನ್ನಾಗಲಿ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ವಿಚಾರಿಸಬಹುದು. ಹೋಗುವಾಗ, ಅವನು ಯಾವ ಮಾತನ್ನು ಯಾವ ಸಂದರ್ಭದಲ್ಲಿ ಮರಳಿ ಹೇಳುತ್ತಾನೆಂದು ಒಂದು ವಾರ ಬರೆದಿಟ್ಟ ಟಿಪ್ಪಣಿಯನ್ನು ಜೊತೆಗೆ ಒಯ್ಯಿರಿ.