ಎರಡನೆಯವರಾಗಿ ಬಂದ ಲ್ಯಾರಿ ಡೋಬಿಗೆ ದಾರಿ ಸುಲಭವಾಗಿತ್ತಾ?

ಓದುಗರ ಪ್ರಶ್ನೆ: ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಕಪ್ಪು ಆಟಗಾರರಿಗಿದ್ದ ತಡೆಯನ್ನು ಜಾಕಿ ರಾಬಿನ್ಸನ್ 1947ರಲ್ಲಿ ಮುರಿದರು. ಅದೇ ವರ್ಷ, ಅವರ ನಂತರ ಬಂದ ಲ್ಯಾರಿ ಡೋಬಿಗೆ ಕಷ್ಟ ಕಡಿಮೆ ಇತ್ತು ಅಲ್ವಾ?

ಖಂಡಿತ ಇಲ್ಲ. ಇಬ್ಬರ ನಡುವೆ ಇದ್ದದ್ದು ಬರೀ 11 ವಾರ. ಏಪ್ರಿಲ್ 15ರಂದು ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಿದರು, ಜುಲೈ 5ರಂದು ಡೋಬಿ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಪರ. ಅಷ್ಟರಲ್ಲಿ ಯಾರ ಮನಸ್ಸು ಬದಲಾಗುತ್ತದೆ ಹೇಳಿ? ಜೊತೆಗೆ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ರಾಬಿನ್ಸನ್ ಇದ್ದದ್ದು ನ್ಯಾಷನಲ್ ಲೀಗ್‌ನಲ್ಲಿ, ಡೋಬಿ ಅಮೆರಿಕನ್ ಲೀಗ್‌ನಲ್ಲಿ. ಆಗ ಈ ಎರಡು ಲೀಗ್‌ಗಳ ತಂಡಗಳು ಸೀಸನ್ ಪಂದ್ಯಗಳಲ್ಲಿ ಎದುರಾಗುತ್ತಲೇ ಇರಲಿಲ್ಲ, ಹಾಗಾಗಿ ಅಮೆರಿಕನ್ ಲೀಗ್‌ನ ಮಟ್ಟಿಗೆ ಡೋಬಿಯೇ ಮೊದಲಿಗರು.

ತಯಾರಿಯಂತೂ ಏನೂ ಇರಲಿಲ್ಲ. ಡಾಡ್ಜರ್ಸ್‌ನವರು 1946ರ ಇಡೀ ಸೀಸನ್ ರಾಬಿನ್ಸನ್‌ರನ್ನು ಮಾಂಟ್ರಿಯಲ್‌ನಲ್ಲಿದ್ದ ತಮ್ಮ ಕೆಳಹಂತದ ತಂಡದಲ್ಲಿ ಆಡಿಸಿ ಅಣಿಮಾಡಿದ್ದರು. 23 ವರ್ಷದ ಡೋಬಿ ಜುಲೈ 4ರಂದು ಕಪ್ಪು ಆಟಗಾರರ ಪ್ರತ್ಯೇಕ ಲೀಗ್‌ನ ನ್ಯೂವಾರ್ಕ್ ಈಗಲ್ಸ್ ತಂಡಕ್ಕೆ ಆಡಿ, ಮರುದಿನ ಷಿಕಾಗೊದಲ್ಲಿ ಮೇಜರ್ ಲೀಗ್ ಆಟಗಾರ! ಕ್ಲೀವ್‌ಲ್ಯಾಂಡ್ ಮಾಲೀಕ ಬಿಲ್ ವೀಕ್ ಅವರದ್ದು ಒಂದು ಒಳ್ಳೆಯತನ ಹೇಳಲೇಬೇಕು: ಅವರು ಈಗಲ್ಸ್‌ನ ಒಡತಿ ಎಫಾ ಮ್ಯಾನ್ಲಿಗೆ ಹಣ ಕೊಟ್ಟೇ ಡೋಬಿಯನ್ನು ಕರೆತಂದರು. ರಾಬಿನ್ಸನ್ ಆಡುತ್ತಿದ್ದ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ಡಾಡ್ಜರ್ಸ್ ಒಂದು ಕಾಸೂ ಕೊಟ್ಟಿರಲಿಲ್ಲ.

ಮೊದಲ ದಿನ ತಂಡದವರಿಗೆ ಪರಿಚಯ ಮಾಡಿಸುವಾಗ ಕೆಲವರು ಡೋಬಿಗೆ ಕೈಯನ್ನೇ ಕೊಡಲಿಲ್ಲ. ಅಭ್ಯಾಸಕ್ಕೆ ಜೊತೆಗಾರರಿಲ್ಲದೆ ನಿಂತಿದ್ದಾಗ ಚೆಂಡು ಎಸೆದಾಡೋಣ ಬಾ ಎಂದು ಕರೆದವರು ಜೋ ಗಾರ್ಡನ್. ಗಾರ್ಡನ್ ಆಡುತ್ತಿದ್ದದ್ದು ಸೆಕೆಂಡ್ ಬೇಸ್‌ನಲ್ಲಿ, ಡೋಬಿ ನ್ಯೂವಾರ್ಕ್‌ನಲ್ಲಿ ಆಡುತ್ತಿದ್ದ ಜಾಗವೂ ಅದೇ. ತನ್ನ ಜಾಗಕ್ಕೇ ಬರಬಹುದಾದವನನ್ನು ಹಾಗೆ ಕರೆಯೋದು ಸಣ್ಣ ಮಾತಲ್ಲ.

ಆ ವರ್ಷ ಡೋಬಿಗೆ ಬ್ಯಾಟಿಂಗ್ ಕೈಹಿಡಿಯಲಿಲ್ಲ. 29 ಪಂದ್ಯ, ಬರೀ 5 ಹಿಟ್, ಅಂದರೆ ಬೇಸ್ ತಲುಪಿಸಿದ ಹೊಡೆತ. 1948ರಲ್ಲಿ ಅವರನ್ನು ಸೆಂಟರ್ ಫೀಲ್ಡ್‌ಗೆ, ಅಂದರೆ ಮೈದಾನದ ಹಿಂಭಾಗದ ನಡುವಿಗೆ ಹಾಕಿದರು, ಆ ಜಾಗದ ಆಟವನ್ನು ಹೊಸದಾಗಿ ಕಲಿತರು, ಅದೇ ವರ್ಷ ಕ್ಲೀವ್‌ಲ್ಯಾಂಡ್ ಎರಡೂ ಲೀಗ್‌ಗಳ ವಿಜೇತರ ನಡುವಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಅದರ ನಾಲ್ಕನೇ ಪಂದ್ಯದಲ್ಲಿ ಬಾಸ್ಟನ್ ಬ್ರೇವ್ಸ್ ವಿರುದ್ಧ 2-1ರ ಗೆಲುವು ತಂದದ್ದು ಡೋಬಿಯ ಹೋಮ್ ರನ್, ಅಂದರೆ ಬೇಲಿಯಾಚೆ ಹೋದ ಹೊಡೆತ. ಆಮೇಲೆ ತಂಡದ ಪಿಚರ್ (ಚೆಂಡೆಸೆಯುವವರು) ಸ್ಟೀವ್ ಗ್ರೊಮೆಕ್ ಡೋಬಿಯನ್ನು ಬಾಚಿ ತಬ್ಬಿಕೊಂಡು, ಕೆನ್ನೆಗೆ ಕೆನ್ನೆ ತಾಗಿಸಿ ನಕ್ಕ ಫೋಟೋ ಪತ್ರಿಕೆಗಳಲ್ಲಿ ಬಂತು. ಒಬ್ಬ ಬಿಳಿಯ, ಒಬ್ಬ ಕಪ್ಪು ಆಟಗಾರ ಹಾಗೆ ಅಪ್ಪಿಕೊಂಡಿದ್ದನ್ನು 1948ರ ಅಮೆರಿಕ ಪತ್ರಿಕೆಯಲ್ಲಿ ಕಂಡಿತು ಅನ್ನೋದೇ ದೊಡ್ಡ ವಿಷಯ. ನನ್ನ ಪ್ರಕಾರ ಡೋಬಿಯ ಬದುಕಿನಲ್ಲಿ ಯಾವ ಅಂಕಿಗಿಂತಲೂ ಈ ಫೋಟೋ ಜಾಸ್ತಿ ಹೇಳುತ್ತದೆ.

ಅಂಕಿಗಳೇನೂ ಕಡಿಮೆ ಇಲ್ಲ ಬಿಡಿ: ಏಳು ಬಾರಿ ಆಲ್-ಸ್ಟಾರ್ (ವರ್ಷದ ಶ್ರೇಷ್ಠ ಆಟಗಾರರ ತಂಡಕ್ಕೆ ಆಯ್ಕೆ), ಒಟ್ಟು 253 ಹೋಮ್ ರನ್, 1952 ಮತ್ತು 1954ರಲ್ಲಿ 32 ಹೋಮ್ ರನ್ ಹೊಡೆದು ಲೀಗ್‌ಗೇ ಮೊದಲು. 1962ರಲ್ಲಿ ಜಪಾನಿನ ಚುನಿಚಿ ಡ್ರ್ಯಾಗನ್ಸ್‌ಗೂ ಆಡಿದರು. 1978ರಲ್ಲಿ ಷಿಕಾಗೊ ವೈಟ್ ಸಾಕ್ಸ್ ಮ್ಯಾನೇಜರ್ ಆದಾಗ, ಮೇಜರ್ ಲೀಗ್‌ನಲ್ಲಿ ಅಂಥ ಹುದ್ದೆಗೆ ಬಂದ ಕಪ್ಪು ಜನರಲ್ಲಿ ಮತ್ತೆ ಎರಡನೆಯವರು, ಮೊದಲಿಗರು ಫ್ರಾಂಕ್ ರಾಬಿನ್ಸನ್.

ಜಾಕಿ ರಾಬಿನ್ಸನ್ 1962ರಲ್ಲೇ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ್ದರು. ಡೋಬಿಯನ್ನು ಸೇರಿಸಿಕೊಂಡದ್ದು 1998ರಲ್ಲಿ, ಅವರಿಗೆ 74 ವರ್ಷವಾದಾಗ. ಇಷ್ಟು ತಡ ಮಾಡಿದ್ದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.