ಮುಟ್ಟು ನಿಲ್ಲುವ ಹೊತ್ತಿನ ಮರೆವು: ಸೀಸೆ ಬಿಚ್ಚುವ ಮೊದಲು

ಕಳೆದ ವರ್ಷ ಸೋಯಾ ರಾಶಿ ನಡೆದಿದ್ದ ದಿನಗಳು. ಭಾಲ್ಕಿ ಕಡೆಯ ಹಳ್ಳಿಯಿಂದ ಒಬ್ಬ ಅಮ್ಮ ಬಂದಿದ್ದರು. ವಯಸ್ಸು ಐವತ್ತೆರಡು. ಬೆರಳ ತುದಿಯಲ್ಲೆಲ್ಲ ಒಣಗಿದ ಸೋಯಾ ಕಾಯಿ ಚುಚ್ಚಿದ ಗೀರುಗಳು. ಕೂತವರೇ ಬಟ್ಟೆ ಚೀಲದಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟರು. ಊರಾಚೆ ಕೆಲಸದಲ್ಲಿರುವ ಮಗ ಆನ್‌ಲೈನ್‌ನಲ್ಲಿ ತರಿಸಿ ಕಳಿಸಿದ್ದನಂತೆ.

"ಇಟ್ಟದ್ದು ಎಲ್ಲಿ ಇಟ್ಟೀನಿ ಅಂತ ನೆನಪೇ ಆಗಲ್ರಿ. ಮೊನ್ನೆ ತಿಜೋರಿ ಕೀಲಿ ಜೋಳದ ಹಿಟ್ಟಿನ ಡಬ್ಬ್ಯಾಗ ಸಿಕ್ತು. ಪುಂಡಿ ಪಲ್ಯಕ್ಕ ಎರಡು ಸಲ ಉಪ್ಪು ಹಾಕೀನಿ. ಸೊಸಿ ಮುಂದ ನಾಚಿಕಿ ಬರ್ತದ. ಇದು ತಗೊಂಡ್ರ ನೆನಪು ಬರ್ತದೇನ್ರಿ?"

ಸೀಸೆ ತಿರುಗಿಸಿ ನೋಡಿದೆ. ಸೋಯಾದಿಂದ ತೆಗೆದ ಐಸೋಫ್ಲೇವೋನ್ ಕ್ಯಾಪ್ಸೂಲ್. ಬೆಲೆ ಅವರ ನಾಲ್ಕೈದು ದಿನದ ಕೂಲಿಯಷ್ಟು. ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಔಷಧೀಯ ಬಳಕೆಗೆ ಅಲ್ಲ' ಎಂಬ ಅರ್ಥದ ಇಂಗ್ಲಿಷ್ ಸಾಲು. ನಮ್ಮ ದೇಶದಲ್ಲಿ ಆಹಾರ ಪೂರಕ ಎಂದು ಮಾರುವ ಇಂಥ ಸೀಸೆಗಳ ಮೇಲೆ ಆ ಸಾಲು ಇರಲೇಬೇಕು. ಅಂದರೆ ಕಾನೂನಿನ ಕಣ್ಣಲ್ಲಿ ಅದು ಔಷಧವಲ್ಲ, ಆಹಾರ. ಆದರೆ ಆ ಅಮ್ಮನಿಗೆ ಅದನ್ನು ಓದಿ ಹೇಳಿದವರು ಯಾರೂ ಇರಲಿಲ್ಲ.

ಬೀದರ್‌ನಲ್ಲಿ ಸ್ತ್ರೀರೋಗ ನೋಡುವ ನನಗೆ ಈ ಪ್ರಶ್ನೆ ಈಗ ವಾರಕ್ಕೆ ಎರಡು ಮೂರು ಸಲ ಬರುತ್ತದೆ. ಸೋಯಾ, ಬ್ರಾಹ್ಮಿ, ಅಶ್ವಗಂಧ, ಗಿಂಕ್ಗೊ ಎಂಬ ವಿದೇಶಿ ಮರದ ಎಲೆಯ ಸಾರ. ಹೆಸರು ಬೇರೆ, ಪ್ರಶ್ನೆ ಒಂದೇ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಈ ಮರೆವು ಸುಳ್ಳಲ್ಲ. "ವಯಸ್ಸಾಯ್ತು ಬಿಡು" ಎಂದು ಮನೆಯವರು ತಳ್ಳಿಹಾಕುತ್ತಾರೆ, ಅದು ತಪ್ಪು. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ 46–47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಅದಕ್ಕೂ ಕೆಲವು ವರ್ಷ ಮೊದಲಿನಿಂದಲೇ ಎಸ್ಟ್ರೋಜನ್ ಹಾರ್ಮೋನು ಏರುಪೇರಾಗುತ್ತದೆ. ಹೊಸ ನೆನಪು ಕೂಡಿಡುವ ಮೆದುಳಿನ ಭಾಗಕ್ಕೂ ಈ ಹಾರ್ಮೋನಿನ ನಂಟಿದೆ. ಅಮೆರಿಕದಲ್ಲಿ 2,300ಕ್ಕೂ ಹೆಚ್ಚು ಮಹಿಳೆಯರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಮುಟ್ಟು ನಿಲ್ಲುವ ಹಂತದಲ್ಲಿ ಹೊಸದನ್ನು ಕಲಿಯುವ ಚುರುಕು ಕುಗ್ಗುತ್ತದೆ, ಪೂರ್ತಿ ನಿಂತ ಮೇಲೆ ಮತ್ತೆ ಮೊದಲಿನ ಹಳಿಗೆ ಬರುತ್ತದೆ ಎಂದು ಅದು ತೋರಿಸಿತು. ಹೆಚ್ಚಿನವರಿಗೆ ಇದು ದಾಟಿ ಹೋಗುವ ಕಾಲ. ಆ ಅಮ್ಮನಿಗೆ ಇದನ್ನು ಹೇಳಿದಾಗ ಅವರ ಭುಜ ಸ್ವಲ್ಪ ಸಡಿಲವಾದದ್ದನ್ನು ನಾನು ಕಂಡೆ. ಹುಚ್ಚು ಹಿಡಿಯುತ್ತಿದೆ ಎಂದೇ ಅವರು ಹೆದರಿದ್ದರು.

ಇನ್ನು ಸೋಯಾ. ರಾಜ್ಯದಲ್ಲಿ ಸೋಯಾ ಬೆಳೆಯುವ ಮುಖ್ಯ ಜಿಲ್ಲೆ ನಮ್ಮದೇ. ಬೆಳೆದದ್ದೆಲ್ಲ ಎಣ್ಣೆ ಗಿರಣಿಗೆ ಹೋಗುತ್ತದೆ, ಹಿಂಡಿ ಕೋಳಿಗೆ ಹೋಗುತ್ತದೆ. ಮನೆಯ ಒಲೆಗೆ ಬರುವುದು ಕಡಿಮೆ. ಕಾಳಿನೊಳಗಿನ ಐಸೋಫ್ಲೇವೋನ್ ಎಂಬ ವಸ್ತು ಆಕಾರದಲ್ಲಿ ಎಸ್ಟ್ರೋಜನ್‌ನ ತಂಗಿಯಂತೆ ಇದೆ. ಆದರೆ ಅದರ ಬಲ ಬಹಳ ಕಡಿಮೆ. ಎಸ್ಟ್ರೋಜನ್ ಇಳಿದಾಗ ಇದು ಅದರ ಜಾಗ ತುಂಬಬಹುದೇ ಎಂಬುದು ಸಂಶೋಧಕರ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ ಅದು.

ಉತ್ತರ ಅಷ್ಟು ಸಿಹಿಯಾಗಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 60ರಿಂದ 75 ವರ್ಷದ 202 ಮಹಿಳೆಯರಲ್ಲಿ ಅರ್ಧ ಜನಕ್ಕೆ ಒಂದು ವರ್ಷ ಸೋಯಾ ಪ್ರೋಟೀನ್, ಉಳಿದವರಿಗೆ ಹಾಲಿನ ಪ್ರೋಟೀನ್ ಕೊಟ್ಟರು. 2004ರಲ್ಲಿ ಫಲಿತಾಂಶ ಬಂತು. ನೆನಪಿನಲ್ಲಿ ಇಬ್ಬರಿಗೂ ವ್ಯತ್ಯಾಸವಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 350 ಮಹಿಳೆಯರ ಮೇಲೆ ಎರಡೂವರೆ ವರ್ಷ ಇನ್ನೂ ಎಚ್ಚರಿಕೆಯಿಂದ ಇದನ್ನೇ ಮಾಡಿದರು. ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್. 2012ರ ವರದಿಯ ಪ್ರಕಾರ ಒಟ್ಟು ಬುದ್ಧಿಶಕ್ತಿಯಲ್ಲಿ ಲಾಭವಿಲ್ಲ. ಕಣ್ಣಿಂದ ನೋಡಿದ್ದನ್ನು ನೆನಪಿಡುವ ಒಂದು ಪರೀಕ್ಷೆಯಲ್ಲಿ ಮಾತ್ರ ಸ್ವಲ್ಪ ಮೇಲುಗೈ. ಹಲವು ಸಣ್ಣ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಚೂರು ಲಾಭ ಇದೆ ಎಂದಿದ್ದಾರೆ. ಆ ಚೂರು ಕಾಗದದ ಮೇಲಿನ ಅಂಕಿಯಲ್ಲಿ ಕಾಣುತ್ತದೆ. ಕೀಲಿ ಎಲ್ಲಿಟ್ಟೆ ಎಂದು ಹುಡುಕುವವರಿಗೆ ಕಾಣುವಷ್ಟು ಅದು ದೊಡ್ಡದಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ ಇದೆ, ನನಗೆ ಇದು ಬಹಳ ಕುತೂಹಲದ್ದು. ಸೋಯಾದ ಈ ವಸ್ತುವನ್ನು ಕೆಲವರ ಕರುಳಿನ ಬ್ಯಾಕ್ಟೀರಿಯಾಗಳು ಈಕ್ವಾಲ್ ಎಂಬ ಇನ್ನೂ ಬಲವಾದ ರೂಪಕ್ಕೆ ತಿರುಗಿಸುತ್ತವೆ. ಜಪಾನಿನಂಥ ಕಡೆ ಅರ್ಧದಷ್ಟು ಜನಕ್ಕೆ ಈ ಶಕ್ತಿ ಇದೆ. ಪಶ್ಚಿಮದ ದೇಶಗಳಲ್ಲಿ ನಾಲ್ಕು ಜನರಲ್ಲಿ ಒಬ್ಬರಿಗೋ ಮೂವರಲ್ಲಿ ಒಬ್ಬರಿಗೋ ಮಾತ್ರ. ಅಂದರೆ ಒಂದೇ ಸೀಸೆ, ಇಬ್ಬರ ಹೊಟ್ಟೆಯಲ್ಲಿ ಎರಡು ರೀತಿ. ಪಕ್ಕದ ಮನೆಯವರಿಗೆ ಹಿಡಿಸಿತು ಎಂದು ನಮಗೂ ಹಿಡಿಸಬೇಕಿಲ್ಲ.

ಹಾಗಾದರೆ ಸೋಯಾ ಬೇಡವೇ? ತಿನ್ನಲು ಖಂಡಿತ ಬೇಕು. ಒಳ್ಳೆಯ ಪ್ರೋಟೀನ್. ಆ ಅಧ್ಯಯನದ 25 ಗ್ರಾಂ ಪ್ರೋಟೀನ್ ಎಂದರೆ ಸುಮಾರು 70 ಗ್ರಾಂ ಒಣ ಕಾಳು. ನಿಮ್ಮ ಹೊಲದ್ದೇ ಎರಡು ಹಿಡಿ. ಅಷ್ಟು ತಿನ್ನಬೇಕೆಂದಿಲ್ಲ, ಒಂದು ಹಿಡಿ ಸಾಕು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಬೇಕು. ಹಸಿ ಕಾಳು ಪಚನಕ್ಕೆ ಅಡ್ಡಿ. ಹುರಿದು ಹಿಟ್ಟು ಮಾಡಿ ಗೋಧಿ ಹಿಟ್ಟಿಗೆ ಸ್ವಲ್ಪ ಬೆರೆಸಿದರೂ ನಡೆಯುತ್ತದೆ. ಸೋಯಾ ಎಣ್ಣೆಯಲ್ಲಿ ಮಾತ್ರ ಐಸೋಫ್ಲೇವೋನ್ ಇಲ್ಲವೇ ಇಲ್ಲ ಎನ್ನಬಹುದು. ಥೈರಾಯ್ಡ್ ಗುಳಿಗೆ ನುಂಗುವವರು ಅದನ್ನು ಬೆಳಗ್ಗೆ ಬರಿ ಹೊಟ್ಟೆಯಲ್ಲಿ ನುಂಗಿ, ಸೋಯಾವನ್ನು ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಿ. ಎರಡೂ ಒಟ್ಟಿಗೆ ಹೋದರೆ ಗುಳಿಗೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸ್ತನ ಕ್ಯಾನ್ಸರ್ ಆಗಿ ಚಿಕಿತ್ಸೆ ಪಡೆದವರು ಕ್ಯಾಪ್ಸೂಲ್ ರೂಪದ ಸೋಯಾವನ್ನು ತಮ್ಮ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಬ್ರಾಹ್ಮಿಯ ವಿಷಯದಲ್ಲಿ ಹೆಸರಿನದೇ ಗೊಂದಲ. ನೀರಿನ ಅಂಚಿನಲ್ಲಿ ಬೆಳೆಯುವ ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿ ಒಂದು ಗಿಡ. ದುಂಡನೆ ಎಲೆಯ ಒಂದೆಲಗ ಬೇರೆಯೇ ಗಿಡ. ಜನ ಎರಡನ್ನೂ ಬ್ರಾಹ್ಮಿ ಎನ್ನುತ್ತಾರೆ. ನೆನಪಿನ ಬಗ್ಗೆ ಜಾಸ್ತಿ ಅಧ್ಯಯನ ಆಗಿರುವುದು ನೀರುಬ್ರಾಹ್ಮಿಯ ಮೇಲೆ. ದಿನಕ್ಕೆ 300 ಮಿಲಿಗ್ರಾಂ ಸಾರ, 12 ವಾರ. ಕೇಳಿದ ಪದಗಳನ್ನು ಸ್ವಲ್ಪ ಹೊತ್ತಿನ ಮೇಲೆ ನೆನಪಿಸಿಕೊಳ್ಳುವುದರಲ್ಲಿ ಕೆಲವು ಅಧ್ಯಯನಗಳು ಸಣ್ಣ ಸುಧಾರಣೆ ಕಂಡಿವೆ. ಹೊಟ್ಟೆ ತೊಳಸುವುದು, ಪದೇ ಪದೇ ಹೊರಗೆ ಹೋಗಬೇಕಾಗುವುದು ಕೂಡ ಕಂಡಿವೆ. ಆ ಅಧ್ಯಯನಗಳು ಚಿಕ್ಕವು, ಗಂಡಸರು ಹೆಂಗಸರು ಇಬ್ಬರೂ ಅವುಗಳಲ್ಲಿದ್ದರು. ಹದಿನೈದು ದಿನದಲ್ಲಿ ನೆನಪು ಚುರುಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಿಂಕ್ಗೊ ಬಗ್ಗೆ ಉತ್ತರ ಇನ್ನೂ ಸ್ಪಷ್ಟ. 75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಸುಮಾರು ಆರು ವರ್ಷ ಕೊಟ್ಟು ನೋಡಿದರು. ಮರೆಗುಳಿ ಕಾಯಿಲೆ ತಡೆಯಲಿಲ್ಲ ಎಂದು 2008ರಲ್ಲಿ ಗೊತ್ತಾಯಿತು.

ಗಿಡಮೂಲಿಕೆ ಅಂದರೆ ತೊಂದರೆ ಇಲ್ಲ ಅಲ್ವಾ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಉತ್ತರ: ಚೀಲದಲ್ಲಿ ಬೇರೆ ಏನಿದೆ ತೋರಿಸಿ. ಗಿಂಕ್ಗೊ ಜೊತೆ ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ರಕ್ತಸ್ರಾವದ ಅಪಾಯ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಅಪರೂಪಕ್ಕೆ ಕೆಲವರಿಗೆ ಲಿವರ್ ಕೆಟ್ಟು ಕಾಮಾಲೆ ಆದದ್ದಿದೆ. ಜೇಷ್ಠಮಧು ದಿನವೂ ಜಾಸ್ತಿ ಹೋದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಹೆಂಗಸರ ಶಕ್ತಿಗೆ ಎಂದು ಮಾರುವ ಕೆಲವು ಪುಡಿಗಳಲ್ಲಿ ಅದು ಸೇರಿರುತ್ತದೆ, ಬಿಪಿ ಗುಳಿಗೆ ನುಂಗುವವರು ಗಮನಿಸಿ.

ಆ ಅಮ್ಮನ ಚೀಲಕ್ಕೇ ಬರುತ್ತೇನೆ. ಸೀಸೆಯ ಕೆಳಗೆ ಒಂದು ಪ್ಲಾಸ್ಟಿಕ್ ಕೊಟ್ಟೆ ಇತ್ತು. ಅದರಲ್ಲಿ ಸಕ್ಕರೆ ಕಾಯಿಲೆಗೆ ಏಳು ವರ್ಷದಿಂದ ನುಂಗುತ್ತಿದ್ದ ಮೆಟ್‌ಫಾರ್ಮಿನ್. ತುರಿಕೆಗೆ ಎಂದು ಅಂಗಡಿಯಲ್ಲಿ ಕೇಳಿ ತಂದ, ನಿದ್ದೆ ಬರಿಸುವ ಹಳೆ ಕಾಲದ ಗುಳಿಗೆ. ಮಾಂಸ, ಮೊಟ್ಟೆ ಮುಟ್ಟದ ಮನೆ. ಕೇಳಿದೆ, ಅಂಗಾಲು ಉರಿಯುತ್ತದೆಯೇ? "ಬೆಂಕಿ ಬಿದ್ದಂಗ ಆಗ್ತದ್ರಿ." ರಾತ್ರಿ ನಿದ್ದೆ? ಮೈಯೆಲ್ಲ ಬೆವತು ನಾಲ್ಕು ಸಲ ಏಳುತ್ತಾರೆ. ಹೊಲದ ಲೆಕ್ಕ ಕೇಳಿದೆ. ಯಾವ ತುಂಡಿನಲ್ಲಿ ಎಷ್ಟು ಚೀಲ, ಯಾರಿಗೆ ಎಷ್ಟು ಕೂಲಿ, ಎಲ್ಲ ಪಟಪಟ ಹೇಳಿದರು.

ಆ ಲೆಕ್ಕವೇ ನನಗೆ ಅರ್ಧ ಪರೀಕ್ಷೆ. ಪುಸ್ತಕದಲ್ಲಿರುವ ಪರೀಕ್ಷೆಯಲ್ಲಿ ಗಡಿಯಾರ ಬರೆಯಿರಿ, ವಾಕ್ಯ ಬರೆಯಿರಿ ಎಂದಿರುತ್ತದೆ. ಶಾಲೆಯ ಮೆಟ್ಟಿಲು ಹತ್ತದವರಿಗೆ ಅದು ಅನ್ಯಾಯ. ನಾನು ರೊಟ್ಟಿ, ಕುಡಗೋಲು, ಕೊಡ ಎಂದು ಮೂರು ಹೆಸರು ಹೇಳಿ ಐದು ನಿಮಿಷದ ಮೇಲೆ ಕೇಳುತ್ತೇನೆ. ಅವರು ಎರಡು ಹೇಳಿದರು. ಮೂರನೆಯದಕ್ಕೆ "ನೀರು ತರೋದು" ಎಂದು ಸುಳಿವು ಕೊಟ್ಟ ಕೂಡಲೇ ನೆನಪಾಯಿತು. ಸುಳಿವಿಗೆ ನೆನಪಾದರೆ ಅದು ಒಳ್ಳೆಯ ಲಕ್ಷಣ.

ರಕ್ತ ಪರೀಕ್ಷೆಯಲ್ಲಿ ಬಿ12 ವಿಟಮಿನ್ ಬಹಳ ಕಡಿಮೆ ಇತ್ತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಗಿಡದ ಆಹಾರದಲ್ಲಿ ಬಿ12 ಮೊದಲೇ ಇಲ್ಲ. ಕೊರತೆ ಹಾಗೇ ಬಿಟ್ಟರೆ ನರಕ್ಕೂ ನೆನಪಿಗೂ ಪೆಟ್ಟು, ತಡವಾದರೆ ಪೂರ್ತಿ ವಾಪಸ್ ಬರುವುದಿಲ್ಲ. ಸೋಯಾ ಕ್ಯಾಪ್ಸೂಲ್ ನುಂಗುತ್ತ ಆರು ತಿಂಗಳು ಕಾದಿದ್ದರೆ ಆ ಆರು ತಿಂಗಳು ಕಳೆದೇ ಹೋಗುತ್ತಿತ್ತು. ಸೀಸೆಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಅದು ಕೆಲಸ ಮಾಡದಿದ್ದರೆ ದುಡ್ಡು ಹೋಯಿತು ಅಷ್ಟೇ. ಆದರೆ ಅದನ್ನು ನಂಬಿ ಕೂತರೆ ಸರಿಯಾಗುವ ಕಾಯಿಲೆ ಸದ್ದಿಲ್ಲದೆ ಬೆಳೆಯುತ್ತದೆ. ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಬಿಪಿ. ಇಷ್ಟು ನೋಡದೆ ನಾನು ಯಾರಿಗೂ ನೆನಪಿನ ಗುಳಿಗೆ ಬಗ್ಗೆ ಮಾತಾಡುವುದಿಲ್ಲ. ಕಿವಿಯನ್ನೂ ನೋಡಬೇಕು. ಸರಿಯಾಗಿ ಕೇಳದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಮನಸ್ಸಿನ ಬೇಸರವನ್ನೂ ಕೇಳಬೇಕು.

ಬಿ12 ಇಂಜೆಕ್ಷನ್ ಶುರು ಮಾಡಿದೆವು. ತುರಿಕೆ ಗುಳಿಗೆ ಬದಲಿಸಿದೆವು, ಅಂಥ ಗುಳಿಗೆಗಳೇ ನೆನಪನ್ನು ಮಂಕು ಮಾಡುತ್ತವೆ. ರಾತ್ರಿ ಬೆವರಿಗೆ ಬೇರೆ ಚಿಕಿತ್ಸೆ ಕೊಟ್ಟೆವು. ನಾಲ್ಕು ತಿಂಗಳ ಮೇಲೆ ಬಂದಾಗ ಅಂಗಾಲಿನ ಉರಿ ಇಳಿದಿತ್ತು. ಒಂದೇ ನಿದ್ದೆ ಮಾಡುತ್ತಿದ್ದರು. ಮರೆವು ಪೂರ್ತಿ ಹೋಗಿರಲಿಲ್ಲ, ಆದರೆ ಕೀಲಿ ಸೆರಗಿನ ಗಂಟಿನಲ್ಲೇ ಇತ್ತು. ತೋರಿಸಿದರು.

ಹಾರ್ಮೋನು ಗುಳಿಗೆಯನ್ನೇ ಕೊಟ್ಟರೆ ಆಗದೇ ಎಂದು ಓದಿದವರು ಕೇಳುತ್ತಾರೆ. ನೆನಪಿಗಾಗಿ ಎಂದು ಕೊಡುವುದಿಲ್ಲ. 65 ದಾಟಿದ ನಾಲ್ಕೂವರೆ ಸಾವಿರ ಮಹಿಳೆಯರ ಅಧ್ಯಯನದಲ್ಲಿ ಎಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನು, ಎರಡನ್ನೂ ನುಂಗಿದವರಲ್ಲಿ ಮರೆಗುಳಿ ಕಾಯಿಲೆ ಎರಡು ಪಟ್ಟು ಕಂಡಿತು ಎಂದು 2003ರಲ್ಲಿ ವರದಿ ಬಂತು. ಮುಟ್ಟು ನಿಂತ ಹೊಸದರಲ್ಲಿ ಬಿಸಿ ಏರುವುದಕ್ಕೆ, ಬೆವರಿಗೆ ಕೊಡುವ ಮಾತೇ ಬೇರೆ.

ಆದರೆ ಒಂದು ಗುಂಪಿನವರ ವಿಷಯದಲ್ಲಿ ಈ ಲೆಕ್ಕ ಬದಲಾಗುತ್ತದೆ. ಅವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರು ನಮ್ಮ ಭಾಗದಲ್ಲಿ ಬಹಳ ಜನ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬೇಡದಿದ್ದರೂ ಆಪರೇಷನ್ ಮಾಡಿದ ದೂರುಗಳು ಹತ್ತು ವರ್ಷದ ಹಿಂದೆ ದೊಡ್ಡ ಸುದ್ದಿಯಾಗಿದ್ದವು. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದರೆ ಎಸ್ಟ್ರೋಜನ್ ಒಂದೇ ದಿನದಲ್ಲಿ ಬೀಳುತ್ತದೆ. ಮೂವತ್ತೈದು, ನಲವತ್ತರಲ್ಲಿ ಹಾಗಾದವರಿಗೆ ಮುಂದೆ ನೆನಪಿನ ತೊಂದರೆ ಬರುವ ಸಾಧ್ಯತೆ ಜಾಸ್ತಿ ಎಂದು ಅಧ್ಯಯನಗಳು ಹೇಳುತ್ತವೆ. ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಇಂಥವರಿಗೆ ಹಾರ್ಮೋನು ಕೊಡುವ ಬಗ್ಗೆ ಯೋಚಿಸಬೇಕು. ಸೋಯಾ ಕ್ಯಾಪ್ಸೂಲ್ ಅದಕ್ಕೆ ಬದಲಿ ಅಲ್ಲ. ದುಃಖವೆಂದರೆ, ಅಂಡಾಶಯ ತೆಗೆದಿದ್ದಾರೋ ಇಲ್ಲವೋ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. "ಚೀಲ ತೆಗದಾರ್ರಿ" ಎನ್ನುತ್ತಾರೆ, ಅಷ್ಟೇ. ಡಿಸ್ಚಾರ್ಜ್ ಕಾರ್ಡ್ ಹಳೆಯದಾಗಿದ್ದರೂ ಎಸೆಯಬೇಡಿ. ಟ್ರಂಕಿನ ತಳದಲ್ಲಿ ಇದ್ದರೆ ಹುಡುಕಿ ತನ್ನಿ. ಅದೂ ಇಲ್ಲದಿದ್ದರೆ ಸ್ಕ್ಯಾನ್ ಮಾಡಿ ನೋಡುವ ದಾರಿ ಇದೆ.

ಬೇಗ ಬರಬೇಕಾದವರು ಯಾರು ಎಂದೂ ಹೇಳಿಬಿಡುತ್ತೇನೆ. ಕೀಲಿ ಎಲ್ಲಿಟ್ಟೆ ಎಂದು ಮರೆಯುವುದು ಒಂದು. ಕೀಲಿ ಕೈಯಲ್ಲಿ ಹಿಡಿದು ಇದು ಏತಕ್ಕೆ ಎಂದು ತಿಳಿಯದಿರುವುದು ಬೇರೆ. ನಲವತ್ತು ವರ್ಷ ನಡೆದ ಹೊಲದ ದಾರಿ ತಪ್ಪುವವರು, ಅದೇ ಪ್ರಶ್ನೆಯನ್ನು ಗಂಟೆಯೊಳಗೆ ಹತ್ತು ಸಲ ಕೇಳುವವರು, ರೊಟ್ಟಿ ಬಡಿಯುವ ಕ್ರಮವೇ ಮರೆತವರು ತಡಮಾಡಬಾರದು. ಬರುವಾಗ ಮನೆಯವರೊಬ್ಬರು ಜೊತೆಗಿರಲಿ. ಮನೆಯಲ್ಲಿರುವ ಎಲ್ಲ ಗುಳಿಗೆ, ಪುಡಿ, ಸೀಸೆ ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿ. ಖಾಲಿ ಸೀಸೆಯಾದರೂ ಸರಿ.